ಜಾಂಗೋ ಕಲಿಯುವ ಮಕ್ಕಳೂ ಅದರ ಕೈಪಿಡಿಯೂ

ಗಣಕಯಂತ್ರದ ವಿದ್ಯೆಯನ್ನು ಅರಸಿ ಹೋಗುವ ಮಕ್ಕಳು ಈಗ ನಮ್ಮ ಸಮಾಜದ ಅನೇಕ ಮನೆಗಳಲ್ಲಿದ್ದಾರೆ. ಅವರ ತಂದೆತಾಯಂದಿರು ಎದುರಾದಾಗಲೆಲ್ಲ ಕೇಳುವುದು ಒಂದೇ ಮಾತು: ಜಾಲತಾಣ ಕಟ್ಟುವುದನ್ನು ಕಲಿಸುತ್ತೇವೆಂದು ತರಬೇತಿಯವರು ಇಷ್ಟು ಸಾವಿರ ಕೇಳುತ್ತಿದ್ದಾರೆ, ಕಟ್ಟಬೇಕೇ ಬೇಡವೇ? ವ್ಯಾಕರಣ, ನಿಘಂಟುಗಳ ನಡುವೆ ಆಯುಷ್ಯ ಸವೆಸಿದ ನಮ್ಮಂಥವರನ್ನು ಇದನ್ನು ಕೇಳುವುದು ವಿಚಿತ್ರವೆಂದು ತೋರಬಹುದು. ಆದರೂ ಇದರೊಳಗೆ ಗ್ರಂಥವನ್ನು ಓದುವ ಕ್ರಮದ ಪ್ರಶ್ನೆಯೊಂದು ಅಡಗಿರುವುದರಿಂದ, ಈ ಮಕ್ಕಳು ಹೆಚ್ಚಾಗಿ ಹೆಸರಿಸುವ ಜಾಂಗೋ ಎಂಬ ವೆಬ್ ಫ್ರೇಮ್‌ವರ್ಕಿನ ಕೈಪಿಡಿಯನ್ನು ನಾವು ಬಲ್ಲ ತರುಣರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಸಾವಧಾನವಾಗಿ ನೋಡಿದೆವು.

ವೆಬ್ ಫ್ರೇಮ್‌ವರ್ಕ್ ಎಂದರೆ ಜಾಲತಾಣ ಕಟ್ಟುವವರಿಗೆ ಸಿದ್ಧವಾಗಿ ದೊರೆಯುವ ಕಂಬ-ತೊಲೆಗಳ ಚೌಕಟ್ಟು. ಬಂದವರ ಗುರುತು ಪರೀಕ್ಷಿಸುವುದು, ಮಾಹಿತಿಯನ್ನು ಡೇಟಾಬೇಸಿನಲ್ಲಿಟ್ಟು ಬೇಕಾದಾಗ ತೆಗೆಯುವುದು ಮುಂತಾದ ಕೆಲಸಗಳನ್ನು ಪ್ರತಿ ತಾಣಕ್ಕೂ ಮೊದಲಿನಿಂದ ಬರೆಯುವ ಶ್ರಮವನ್ನು ಅದು ತಪ್ಪಿಸುತ್ತದೆ. ಜಾಂಗೋ ಹುಟ್ಟಿದ್ದು ಒಂದು ದಿನಪತ್ರಿಕೆಯ ಕಚೇರಿಯಲ್ಲಿ. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಜರ್ನಲ್-ವರ್ಲ್ಡ್ ಪತ್ರಿಕೆಯಲ್ಲಿದ್ದ ಆಡ್ರಿಯನ್ ಹೊಲೊವಾಟಿ, ಸೈಮನ್ ವಿಲ್ಲಿಸನ್ ಎಂಬ ತರುಣರು 2003ರಲ್ಲಿ ಪೈಥಾನ್ ಭಾಷೆಯಲ್ಲಿ ಇದನ್ನು ಆರಂಭಿಸಿದರು. 2005ರ ಜುಲೈ ತಿಂಗಳಲ್ಲಿ ಅದು ಎಲ್ಲರಿಗೂ ಉಚಿತವಾಗಿ ಲಭ್ಯವಾಯಿತು. ಹೆಸರು ಬಂದದ್ದು ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನಿಂದ. ಬೆಂಕಿಯ ಅನಾಹುತದಲ್ಲಿ ಎಡಗೈಯ ಎರಡು ಬೆರಳುಗಳ ಶಕ್ತಿ ಕುಂದಿದ ಮೇಲೂ ನುಡಿಸಿ ಕೀರ್ತಿವಂತನಾದವನು ಆತ.

ಪತ್ರಿಕೆಯ ಮನೆಯಲ್ಲಿ ಹುಟ್ಟಿದ್ದರಿಂದಲೋ ಏನೋ, ಬರವಣಿಗೆಗೆ ಇಲ್ಲಿ ಮೊದಲಿನಿಂದಲೂ ಗೌರವವಿದೆ. ಹೊಸ ಸೌಲಭ್ಯವೊಂದನ್ನು ರಚಿಸಿ ತಂದವರು ಅದರ ವಿವರಣೆಯನ್ನೂ ಬರೆದು ತರಬೇಕೆಂಬುದು ಜಾಂಗೋ ಬಳಗದ ನಿಯಮ. ಆ ತಂಡದ ಪ್ರಮುಖರಲ್ಲೊಬ್ಬರಾದ ಜೇಕಬ್ ಕ್ಯಾಪ್ಲನ್-ಮಾಸ್ ಅವರು ಉತ್ತಮ ಕೈಪಿಡಿಯನ್ನು ಹೇಗೆ ಬರೆಯಬೇಕೆಂಬುದನ್ನೇ ಕುರಿತು 2009ರಲ್ಲಿ ಲೇಖನಮಾಲೆಯೊಂದನ್ನು ರಚಿಸಿದರು.

ಈ ಕೈಪಿಡಿಯಲ್ಲಿ ನಾಲ್ಕು ಬಗೆಯ ಬರಹಗಳಿವೆ. ಅದನ್ನು ತಿಳಿಯದೆ ಒಳಹೊಕ್ಕ ಹೊಸಬರು ಅಲ್ಲಿಯೇ ಕಂಗೆಡುತ್ತಾರೆ. ಮೊದಲನೆಯದು ಪಾಠಮಾಲೆ. ಕೈಹಿಡಿದು ನಡೆಸುವ ಈ ಪಾಠಗಳು ಈಗ ಎಂಟಿವೆ. ಒಂದು ಪ್ರಶ್ನೆ ಕೇಳಿ ಜನರಿಂದ ಮತ ಪಡೆಯುವ ಪುಟ್ಟ ತಾಣವನ್ನು ಮಗುವು ಸ್ವತಃ ಕಟ್ಟುತ್ತಾ ಹೋಗುತ್ತದೆ. ಮೊದಲ ಪಾಠದಲ್ಲಿ ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ, ಅಷ್ಟೇ. ಎರಡನೆಯದರಲ್ಲಿ ಡೇಟಾಬೇಸೂ ಆಡಳಿತ ಪುಟವೂ ಬರುತ್ತವೆ. ನಾಲ್ಕನೆಯದರ ಹೊತ್ತಿಗೆ ಮತ ಹಾಕುವ ಫಾರ್ಮ್ ಸಿದ್ಧವಾಗಿರುತ್ತದೆ. ಐದನೆಯದು ಬರೆದದ್ದನ್ನು ಪರೀಕ್ಷಿಸುವ ವಿಧಾನ. ಆತುರದ ಮಕ್ಕಳು ಇದನ್ನು ಹಾರಿಸಿಬಿಡುತ್ತಾರೆ, ಹಾರಿಸಬಾರದು. ಎರಡನೆಯ ಬಗೆ ವಿಷಯ ವಿವರಣೆ: ಒಂದು ತತ್ತ್ವವನ್ನು ಹಿಡಿದು ಅದು ಹೀಗೇಕೆ ಎಂದು ಬಿಡಿಸಿ ಹೇಳುವ ಪುಟಗಳು. ಮೂರನೆಯದು ಆಕರ, ಅಂದರೆ ಪ್ರತಿಯೊಂದು ಆಜ್ಞೆಯ ಲಕ್ಷಣವನ್ನು ಸಾಲಾಗಿ ಹೇಳುವ ಕೋಶ. ನಾಲ್ಕನೆಯದು ಕಾರ್ಯವಿಧಾನ: ಒಂದು ನಿರ್ದಿಷ್ಟ ಕೆಲಸವನ್ನು ಮಾಡುವುದು ಹೇಗೆಂದು, ಆಗಲೇ ಸ್ವಲ್ಪ ಬಲ್ಲವರಿಗೆ ಹೇಳುವ ಪುಟಗಳು.

ಜಾಂಗೋ ಬಳಗದವರೇ ಆದ ಡ್ಯಾನಿಯೆಲೆ ಪ್ರೊಚೀದಾ ಅವರು ಈ ನಾಲ್ಕರ ವಿಭಾಗವನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದ್ದಾರೆ. ಕಲಿಯುವಾಗ ಬೇಕಾದ ಬರಹವೇ ಬೇರೆ, ಕೆಲಸ ಮಾಡುವಾಗ ಬೇಕಾದ ಬರಹವೇ ಬೇರೆ. ಎರಡನ್ನೂ ಒಂದರಲ್ಲಿ ಬೆರೆಸಿದರೆ ಇಬ್ಬರಿಗೂ ಪ್ರಯೋಜನವಾಗದು ಎಂಬುದು ಅವರ ವಿಚಾರದ ತಿರುಳು. ಪಾಠಶಾಲೆಗಳಲ್ಲಿ ಓದಿದ ನಮಗೆ ಇದು ಅಪರಿಚಿತವೇನಲ್ಲ. ಅಮರಕೋಶವನ್ನು ಕೈಗಿಟ್ಟು ಕಾವ್ಯ ಬರೆಯೆಂದು ಯಾವ ಗುರುಗಳೂ ಶಿಷ್ಯನಿಗೆ ಹೇಳಿದ್ದಿಲ್ಲ. ಆದರೆ ಇಂದಿನ ವಿದ್ಯಾರ್ಥಿ ಹುಡುಕುಯಂತ್ರದಲ್ಲಿ ಒಂದು ಪದವನ್ನು ಹಾಕಿದೊಡನೆ ನೇರವಾಗಿ ಆಕರದ ಪುಟಕ್ಕೆ ಹೋಗಿ ಬೀಳುತ್ತಾನೆ. ಅಲ್ಲಿನ ನೂರು ಲಕ್ಷಣಗಳನ್ನು ಕಂಡು, ಈ ವಿದ್ಯೆ ತನಗೆ ದಕ್ಕುವುದಲ್ಲವೆಂದು ನಿರ್ಧರಿಸಿಬಿಡುತ್ತಾನೆ. ಬುದ್ಧಿವಂತ ಮಕ್ಕಳೇ ಹೀಗೆ ಕೈಬಿಟ್ಟದ್ದನ್ನು ನಾವು ಕಂಡಿದ್ದೇವೆ.

ಇನ್ನೊಂದು ತೊಡಕು ಆವೃತ್ತಿಯದು. ನಮ್ಮ ತಂಗಿಯ ಮೊಮ್ಮಗನೊಬ್ಬ ಹಣ ತೆತ್ತು ಪಡೆದ ವಿಡಿಯೋ ಪಾಠವನ್ನು ಅಕ್ಷರಶಃ ಅನುಸರಿಸಿದರೂ ಎರಡನೆಯ ದಿನವೇ ಎಲ್ಲವೂ ನಿಂತುಹೋಯಿತು. ಹುಡುಗ ಮೂರು ದಿನ ತನ್ನನ್ನೇ ಹಳಿದುಕೊಂಡ. ನಡೆದದ್ದು ಇಷ್ಟೇ: ತಾಣದ ವಿಳಾಸಗಳನ್ನು ಬರೆಯಲು ಹಿಂದೆ 'ಯುಆರ್‌ಎಲ್' ಎಂಬ ಆಜ್ಞೆಯಿತ್ತು. 2017ರ ಡಿಸೆಂಬರಿನಲ್ಲಿ ಬಂದ 2.0 ಆವೃತ್ತಿಯಲ್ಲಿ 'ಪಾಥ್' ಎಂಬ ಸುಲಭವಾದ ಆಜ್ಞೆ ಬಂದಿತು. 2021ರ ಡಿಸೆಂಬರಿನ 4.0 ಆವೃತ್ತಿಯಲ್ಲಿ ಹಳೆಯದನ್ನು ತೆಗೆದೇ ಹಾಕಿದರು. ಹುಡುಗನ ಯಂತ್ರದಲ್ಲಿದ್ದುದು ಹೊಸ ಜಾಂಗೋ, ಅವನು ನೋಡುತ್ತಿದ್ದುದು ಹಳೆಯ ಪಾಠ. ಹಳತೆಂದು ತಿಳಿಸದೆ ಅದನ್ನು ಮಾರುತ್ತಿದ್ದವರ ಧೈರ್ಯವನ್ನು ಮೆಚ್ಚಬೇಕು! ಮೂಲ ಕೈಪಿಡಿಯಲ್ಲಾದರೆ ಪ್ರತಿ ಆವೃತ್ತಿಗೂ ಬೇರೆ ಬೇರೆ ಪ್ರತಿಯಿದ್ದು, ಯಾವುದನ್ನು ಓದುತ್ತಿದ್ದೇವೆಂಬುದು ಪುಟದ ಕೆಳಅಂಚಿನಲ್ಲಿ ಕಾಣುತ್ತದೆ. ತನ್ನ ಯಂತ್ರದಲ್ಲಿರುವ ಸಂಖ್ಯೆಯೂ ಅಲ್ಲಿನ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ಮಗುವು ಮೊದಲ ದಿನವೇ ನೋಡಿಕೊಳ್ಳತಕ್ಕದ್ದು.

ಮೂಲ ಪಾಠಮಾಲೆಯು ಓದುಗನಿಗೆ ಪೈಥಾನ್ ಅಷ್ಟಿಷ್ಟು ಬರುತ್ತದೆಂದು ಭಾವಿಸಿಕೊಂಡೇ ಆರಂಭವಾಗುತ್ತದೆ. ಏನೂ ಅರಿಯದವರಿಗೆ ಅದಕ್ಕಿಂತ ಕೆಳಗಿನ ಮೆಟ್ಟಿಲೊಂದು ಬೇಕು. ಅದನ್ನು ಕಟ್ಟಿಕೊಟ್ಟವರು ಓಲಾ ಸಿತಾರ್ಸ್ಕಾ ಮತ್ತು ಓಲಾ ಸೆಂಡೆಟ್ಸ್ಕಾ ಎಂಬ ಇಬ್ಬರು ಮಹಿಳೆಯರು. 2014ರಲ್ಲಿ ಬರ್ಲಿನ್ ನಗರದಲ್ಲಿ ಹೆಣ್ಣುಮಕ್ಕಳಿಗಾಗಿ ಅವರು ನಡೆಸಿದ ಉಚಿತ ಶಿಬಿರದಿಂದ ಜಾಂಗೋ ಗರ್ಲ್ಸ್ ಎಂಬ ಸಂಸ್ಥೆ ಬೆಳೆಯಿತು. ಅವರ ಪಠ್ಯವು ಅಂತರಜಾಲ ಹೇಗೆ ನಡೆಯುತ್ತದೆ ಎಂಬಲ್ಲಿಂದ ತೊಡಗಿ, ಆಜ್ಞಾಸಾಲು, ಪೈಥಾನ್ ಎಲ್ಲವನ್ನೂ ಹಂತಹಂತವಾಗಿ ಕಲಿಸಿ, ಕೊನೆಗೆ ತಾನು ಕಟ್ಟಿದ ತಾಣವನ್ನು ಲೋಕವೇ ನೋಡುವಂತೆ ಇಡುವವರೆಗೆ ಒಯ್ಯುತ್ತದೆ. ಹೆಸರಿನಲ್ಲಿ ಹೆಣ್ಣುಮಕ್ಕಳಿದ್ದರೂ ಪಠ್ಯವನ್ನು ಯಾರು ಬೇಕಾದರೂ ಓದಬಹುದು. ಪ್ರಾರಂಭಿಕರು ಮೊದಲು ಇದನ್ನು ಮುಗಿಸಿ, ಬಳಿಕ ಮೂಲದ ಎಂಟು ಪಾಠಗಳಿಗೆ ಬರುವುದು ಲೇಸೆಂಬುದು ನಮ್ಮ ಅಭಿಪ್ರಾಯ.

ಇವೆರಡಕ್ಕೂ ಚಿಕ್ಕಾಸಿನ ಖರ್ಚಿಲ್ಲ. ಆದ್ದರಿಂದ ಪಾಲಕರಿಗೆ ನಾವು ಹೇಳುವುದು: ಎರಡನ್ನೂ ಮುಗಿಸುವವರೆಗೆ ಯಾರಿಗೂ ಶುಲ್ಕ ಕಟ್ಟಬೇಡಿರಿ. ಮುಗಿಸಿದ ಮಗುವು ತನಗೆ ಇನ್ನೇನು ಬೇಕೆಂದು ತಾನೇ ಹೇಳಬಲ್ಲುದು, ಆಗ ತರಬೇತಿಯೂ ಸಾರ್ಥಕವಾದೀತು. ಮುಗಿಸದೆ ಬೇಸತ್ತರೆ ಸಾಲ ಮಾಡಿ ಕಟ್ಟಿದ ಹಣವಾದರೂ ಉಳಿಯುವುದು. ವಿದ್ಯುತ್ತು, ಸಂಪರ್ಕ ನೆಚ್ಚಿಕೆಯಿಲ್ಲದ ಹಳ್ಳಿಗಳವರು ಇಡೀ ಮೂಲ ಕೈಪಿಡಿಯನ್ನು ಪಿಡಿಎಫ್ ರೂಪದಲ್ಲಿ ಒಮ್ಮೆ ಇಳಿಸಿಕೊಂಡು ಇಟ್ಟುಕೊಳ್ಳಬಹುದು.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷ್ ಒಂದು ಗೋಡೆಯೇ ಸರಿ. ಫ್ರೆಂಚ್, ಜಪಾನೀ, ಇಂಡೊನೇಷಿಯನ್ ಮುಂತಾದ ಭಾಷೆಗಳಲ್ಲಿ ಈ ಕೈಪಿಡಿಯ ಅನುವಾದಗಳಿವೆ, ಕನ್ನಡದಲ್ಲಿಲ್ಲ. ತಪ್ಪು ಘಟಿಸಿದಾಗ ಪರದೆಯ ತುಂಬ ಬರುವ ಇಂಗ್ಲಿಷಿನ ಸಾಲುಗಳನ್ನು ಕಂಡೇ ಅನೇಕರು ಹೆದರುತ್ತಾರೆ. ಆ ಪಟ್ಟಿಯನ್ನು ಕೊನೆಯ ಸಾಲಿನಿಂದ ಓದತೊಡಗಬೇಕು. ಏನು ತಪ್ಪಾಯಿತೆಂಬುದು ಅಲ್ಲಿಯೇ ಇರುತ್ತದೆ, ಮೇಲಿನದೆಲ್ಲ ಅಲ್ಲಿಗೆ ಬಂದ ದಾರಿ. ಆದರೆ ಜಾಂಗೋದ ಒಳಗೆ ಕನ್ನಡ ಆಗಲೇ ಪ್ರವೇಶಿಸಿದೆಯೆಂಬುದು ಬಹು ಮಂದಿಗೆ ತಿಳಿಯದು. ಸೆಟ್ಟಿಂಗ್ಸ್ ಕಡತದಲ್ಲಿ ಭಾಷೆಯ ಸಂಕೇತವಿರುವ ಒಂದು ಸಾಲಿದೆ. ಅಲ್ಲಿ ಇಂಗ್ಲಿಷಿನ ಸಂಕೇತವನ್ನು ಅಳಿಸಿ ಕನ್ನಡದ ಎರಡಕ್ಷರದ ಸಂಕೇತವನ್ನು ಬರೆದರೆ, ಆಡಳಿತ ಪುಟದ ಒಂದಷ್ಟು ಮಾತುಗಳು ಕನ್ನಡದಲ್ಲಿ ಮೂಡುತ್ತವೆ. ಸ್ವಯಂಸೇವಕರು ಮಾಡಿದ ಕೆಲಸವಿದು. ಟ್ರಾನ್ಸಿಫೆಕ್ಸ್ ಎಂಬ ವ್ಯವಸ್ಥೆಯ ಮೂಲಕ ಈ ಅನುವಾದ ಕಾರ್ಯ ನಡೆಯುತ್ತದೆ, ಮತ್ತು ಅದಕ್ಕೆ ಪ್ರೋಗ್ರಾಂ ಬರೆಯಲು ಬರಲೇಬೇಕೆಂದೇನಿಲ್ಲ. ಎರಡೂ ಭಾಷೆಗಳನ್ನು ಬಲ್ಲ ನಿವೃತ್ತ ಶಿಕ್ಷಕರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ.