ಶಾಣ್ಯಾತನ ಒಂದೋ, ಎಂಟೋ?

ನಮ್ಮ ಚಿಕ್ಕೋಡಿ, ರಾಯಬಾಗ ಕಡೆ ಚಲೋ ಮಾರ್ಕ್ಸ್ ತಗೊಂಡವನನ್ನ 'ಭಾಳ ಶಾಣ್ಯಾ ಅದಾನ' ಅಂತಾರೆ. ಕಡಿಮೆ ಬಂದರೆ 'ದಡ್ಡ'. ಎಲ್ಲರನ್ನೂ ಈ ಎರಡೇ ಸಾಲಿನಲ್ಲಿ ನಿಲ್ಲಿಸಬಹುದೇ? ಮನೋವಿಜ್ಞಾನಿಗಳು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಇದರ ಮೇಲೆ ವಾದ ಮಾಡ್ತಾ ಬಂದಿದ್ದಾರೆ.

ಒಂದೇ ಬುದ್ಧಿ: ಒಂದು ವಿಷಯದಲ್ಲಿ ಮುಂದಿರುವವರು ಉಳಿದವುಗಳಲ್ಲೂ ಸಾಮಾನ್ಯವಾಗಿ ಮುಂದಿರುತ್ತಾರೆ ಎಂದು 1904ರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ತೋರಿಸಿದರು. ಎಲ್ಲದರ ಹಿಂದಿರುವ ಆ ಸಾಮಾನ್ಯ ಸಾಮರ್ಥ್ಯಕ್ಕೆ 'ಜಿ' ಎಂದು ಹೆಸರಿಟ್ಟರು. ಮರುವರ್ಷ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಬುದ್ಧಿ ಪರೀಕ್ಷೆ ರೂಪಿಸಿದರು. ಅದರ ಉದ್ದೇಶ ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಾಗಿತ್ತು.

ನಮ್ಮ ಭಾಗಕ್ಕೆ ಬಂದ ಪರೀಕ್ಷೆ: ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ವಿ.ವಿ. ಕಾಮತ್ ಬಿನೆ ಪರೀಕ್ಷೆಯನ್ನು ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದರು. 'ಬಿನೆ-ಕಾಮತ್ ಪರೀಕ್ಷೆ' ಇಂದಿಗೂ ಬಳಕೆಯಲ್ಲಿದೆ. ಎರಡು ಭಾಷೆ ಆಡುವ ನಿಪ್ಪಾಣಿ, ಕಾಗವಾಡದವರಿಗೆ ಇದರ ಮಹತ್ವ ಬೇಗ ತಿಳಿಯುತ್ತೆ. ಮಗುವಿಗೆ ಬಾರದ ಭಾಷೆಯಲ್ಲಿ ಪ್ರಶ್ನೆ ಕೇಳಿದರೆ ನಾವು ಅಳೆಯೋದು ಭಾಷೆಯನ್ನ, ಬುದ್ಧಿಯನ್ನಲ್ಲ.

ಹಲವು ಬುದ್ಧಿ: 1983ರಲ್ಲಿ ಹೊವರ್ಡ್ ಗಾರ್ಡ್ನರ್ ಏಳು ಬಗೆ ಹೇಳಿದರು: ಭಾಷೆ, ತರ್ಕ-ಗಣಿತ, ಸಂಗೀತ, ದೇಹ ಚಲನೆ, ಆಕಾರ-ಸ್ಥಳದ ಗ್ರಹಿಕೆ, ಇತರರನ್ನು ಅರಿಯುವುದು, ತನ್ನನ್ನು ತಾನು ಅರಿಯುವುದು. ಎಂಟನೆಯದಾಗಿ ನಿಸರ್ಗದ ತಿಳಿವಳಿಕೆ ಆಮೇಲೆ ಸೇರಿತು. ಅಥಣಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಮಾಡುವವರನ್ನ ನೋಡಿ. ತೊಗಲು ಕತ್ತರಿಸೋದು, ಹೆಣೆಯೋದು, ಹೊಲಿಯೋದು ಎಲ್ಲಾ ಕೈಯಲ್ಲೇ. 2019ರಲ್ಲಿ ಈ ಚಪ್ಪಲಿಗೆ ಜಿಐ ಟ್ಯಾಗ್ ಸಿಕ್ಕಾಗ ಬೆಳಗಾವಿ ಜಿಲ್ಲೆಯೂ ಅದರಲ್ಲಿತ್ತು. ಗಾರ್ಡ್ನರ್ ಪ್ರಕಾರ ಆ ಕೈಯ ಹಿಂದೆ ಇರೋದೂ ಬುದ್ಧಿಯೇ. ರಾಬರ್ಟ್ ಸ್ಟರ್ನ್‌ಬರ್ಗ್ 1985ರಲ್ಲಿ ವಿಶ್ಲೇಷಣೆ, ಸೃಜನಶೀಲತೆ, ವ್ಯವಹಾರ ಜ್ಞಾನ ಎಂದು ಮೂರು ಬಗೆ ಮಾಡಿದರು.

ಆಕ್ಷೇಪ ಏನು? ಗಾರ್ಡ್ನರ್ ಹೇಳುವುದು ಪ್ರತಿಭೆ, ಅದನ್ನ ಬುದ್ಧಿ ಅಂತ ಯಾಕೆ ಕರೀಬೇಕು ಎಂಬುದು ಟೀಕಾಕಾರರ ಪ್ರಶ್ನೆ. ಈ ಎಂಟೂ ಪೂರ್ತಿ ಬೇರೆ ಬೇರೆ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಬುದ್ಧಿಯನ್ನು ಅಳೆದ ದತ್ತಾಂಶದಲ್ಲಿ 'ಜಿ' ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಲೇ ಇದೆ.

ಹಾಗಾದರೆ ನಮಗೇನು? 'ನನ್ನದು ಗಣಿತದ ತಲೆ ಅಲ್ಲ' ಅನ್ನೋಕೆ ಗಾರ್ಡ್ನರ್ ನೆಪ ಆಗಬಾರದು. 'ದಡ್ಡ' ಅನ್ನೋಕೆ ಐಕ್ಯೂ ಅಂಕಿಯೂ ನೆಪ ಆಗಬಾರದು. ಇಂಜಿನಿಯರಿಂಗ್ ಡ್ರಾಯಿಂಗ್‌ಗೆ ಬೇಕಾದ ಆಕಾರ ಗ್ರಹಿಕೆ ಅಭ್ಯಾಸದಿಂದ ಬೆಳೆಯುತ್ತೆ ಎಂದು ಸಂಶೋಧನೆಗಳೇ ಹೇಳಿವೆ. ಪಕ್ಕದ ಬೆಂಚಿನ ಗೆಳೆಯನಿಗೆ ಐಸೋಮೆಟ್ರಿಕ್ ಚಿತ್ರ ಬರ್ತಿಲ್ಲ ಅಂದ್ರೆ, ಒಂದು ಡಸ್ಟರ್ ಕೈಗೆ ಕೊಟ್ಟು ತಿರುಗಿಸಿ ನೋಡೋಕೆ ಹೇಳೋಣ.