ಎಐ ಏಜೆಂಟ್‌ಗೆ ಟೂಲ್ ವಿವರಣೆ ಬರೆಯುವುದು ಹೇಗೆ? ನಮ್ಮ ಊಟಿ ದಾರಿಯ ಉದಾಹರಣೆಯೊಂದಿಗೆ

ಗುಂಡ್ಲುಪೇಟೆಯ ಸದಸ್ಯರೊಬ್ಬರು ಮೊಬೈಲ್‌ನಲ್ಲಿ ಹೀಗೆ ಕೇಳುತ್ತಾರೆ ಎಂದುಕೊಳ್ಳಿ: "ಅಮ್ಮನನ್ನು ಕರೆದುಕೊಂಡು ಊಟಿಗೆ ಬರಬೇಕು. ಊಟ ಮುಗಿಸಿ ರಾತ್ರಿ 9ಕ್ಕೆ ಕಾರಿನಲ್ಲಿ ಹೊರಟರೆ ಎಷ್ಟು ಹೊತ್ತಿಗೆ ತಲುಪುತ್ತೇವೆ?" ಎಐ ಏಜೆಂಟ್ ದೂರ ಲೆಕ್ಕ ಹಾಕುವ ಟೂಲ್ ಅನ್ನು ಕೇಳಿ, ತಲುಪುವ ಸಮಯವನ್ನು ಥಟ್ಟನೆ ಹೇಳುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಬಂಡೀಪುರದ ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. 2009ರಲ್ಲಿ ಬಂದ ಈ ನಿರ್ಬಂಧ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಏಜೆಂಟ್‌ನ ಮಾತು ನಂಬಿದವರು ಮೇಲುಕಾಮನಹಳ್ಳಿ ಗೇಟಿನ ಮುಂದೆ ವಯಸ್ಸಾದ ತಾಯಿಯೊಂದಿಗೆ ನಿಲ್ಲಬೇಕಾಗುತ್ತದೆ.

ತಪ್ಪು ಎಲ್ಲಿ? ಆ ಟೂಲ್‌ನ ವಿವರಣೆಯಲ್ಲಿ "ಎರಡು ಊರುಗಳ ನಡುವಿನ ಪ್ರಯಾಣದ ಸಮಯ ಕೊಡುತ್ತದೆ" ಎಂದಷ್ಟೇ ಬರೆದಿತ್ತು. ಗೇಟಿನ ಸಂಗತಿ ತನಗೆ ತಿಳಿಯದು ಎಂದು ಅದು ಹೇಳಿರಲಿಲ್ಲ. ನಮ್ಮ ಸದಸ್ಯರ ಮನೆಗಳಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಯುವಕ ಯುವತಿಯರು ಅನೇಕರಿದ್ದಾರೆ. ಇಂಥ ಸಹಾಯಕಗಳನ್ನು ಕಟ್ಟುವವರಿಗೂ ಬಳಸುವವರಿಗೂ ಉಪಯೋಗವಾಗಲೆಂದು ಈ ಲೇಖನ.

ಏಜೆಂಟ್‌ಗೆ ಕಾಣುವುದು ಏನು?

ಎಪಿಐ ಎಂದರೆ ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಮಾಹಿತಿ ಅಥವಾ ಕೆಲಸ ಪಡೆಯುವ ಕೌಂಟರ್. ಅಲ್ಲಿ ನಿಗದಿಯಾದ ರೀತಿಯಲ್ಲೇ ಕೇಳಬೇಕು. ಆ ಕೌಂಟರನ್ನು ಏಜೆಂಟ್ ಬಳಸುವಂತೆ ಮಾಡಿದಾಗ ಅದನ್ನು ಟೂಲ್ ಎನ್ನುತ್ತಾರೆ. 2023ರ ಜೂನ್‌ನಲ್ಲಿ ಓಪನ್‌ಎಐ ತಂದ ಫಂಕ್ಷನ್ ಕಾಲಿಂಗ್ ಇರಲಿ, 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಇರಲಿ, ಮೂಲ ಕ್ರಮ ಒಂದೇ. ಪ್ರತಿ ಟೂಲ್‌ಗೆ ಒಂದು ಹೆಸರು, ಒಂದು ವಿವರಣೆ, ಅದಕ್ಕೆ ಕೊಡಬೇಕಾದ ಮಾಹಿತಿಯ ಪಟ್ಟಿ, ಅಂದರೆ ಪ್ಯಾರಾಮೀಟರ್‌ಗಳು. ಸಾಮಾನ್ಯವಾಗಿ ಏಜೆಂಟ್ ನೋಡುವುದು ಇಷ್ಟನ್ನೇ. ಒಳಗಿನ ಪ್ರೋಗ್ರಾಂ ಅದಕ್ಕೆ ಕಾಣುವುದಿಲ್ಲ.

ಅಡುಗೆಮನೆಯ ಡಬ್ಬಿಗಳನ್ನು ನೆನೆಯಿರಿ. ನಾಲ್ಕು ಡಬ್ಬಿಗಳ ಮೇಲೂ "ಪುಡಿ" ಎಂದೇ ಬರೆದಿದ್ದರೆ ಮನೆಯವರಿಗೆ ತೊಂದರೆಯಿಲ್ಲ, ಯಾವುದು ಸಾರಿನದು, ಯಾವುದು ಹುಳಿಯದು ಎಂದು ಅವರಿಗೆ ಗೊತ್ತು. ಹೊಸಬರು ಚೀಟಿಯನ್ನೇ ನಂಬಬೇಕು. ಏಜೆಂಟ್ ಪ್ರತಿ ಸಲವೂ ಹೊಸಬನೇ.

1. ಯಾವಾಗ ಬಳಸಬೇಕು, ಯಾವಾಗ ಬಳಸಬಾರದು

"ಪ್ರಯಾಣದ ಮಾಹಿತಿ ಪಡೆಯಿರಿ" ಎಂಬ ವಿವರಣೆಯಿಂದ ಏಜೆಂಟ್‌ಗೆ ಏನೂ ತಿಳಿಯದು. ಅದರ ಬದಲು ಹೀಗೆ ಬರೆಯಬಹುದು:

"ಎರಡು ಊರುಗಳ ನಡುವೆ ರಸ್ತೆಯ ದೂರವನ್ನು ಕಿಲೋಮೀಟರ್‌ನಲ್ಲಿ, ಕಾರಿನ ಪ್ರಯಾಣದ ಅವಧಿಯನ್ನು ನಿಮಿಷದಲ್ಲಿ ಕೊಡುತ್ತದೆ. ಅರಣ್ಯ ಗೇಟುಗಳ ಸಮಯ, ಇ-ಪಾಸ್, ಬಸ್ ವೇಳೆ ಇದರಲ್ಲಿ ಇಲ್ಲ. ದಾರಿ ಬಂಡೀಪುರ ಅಥವಾ ಮುದುಮಲೆ ಮೂಲಕ ಹೋಗುವುದಾದರೆ ಉತ್ತರಿಸುವ ಮೊದಲು 'ಗೇಟ್ ಸಮಯ' ಟೂಲ್ ಅನ್ನೂ ಕೇಳಿ."

ಮೂರು ನಾಲ್ಕು ವಾಕ್ಯ ಸಾಕು. ಹೆಚ್ಚು ಕೆಲಸ ಮಾಡುವುದು "ಇದರಲ್ಲಿ ಇಲ್ಲ" ಎಂಬ ವಾಕ್ಯವೇ.

2. ಊರು, ದಿನಾಂಕ, ಹೊತ್ತು

ನಮ್ಮ ಊರಿಗೆ ಊಟಿ, ಉದಕಮಂಡಲ, ಉದಗಮಂಡಲಂ ಎಂದು ಹಲವು ಹೆಸರು. ರೈಲ್ವೆಯಲ್ಲಿ ಇದರ ಕೋಡ್ ಯುಎಎಂ. ಇನ್ನು ಗೂಡಲೂರು ನೀಲಗಿರಿಯಲ್ಲಿ ಒಂದು, ತೇಣಿ ಜಿಲ್ಲೆಯಲ್ಲಿ ಇನ್ನೊಂದು. ಪ್ಯಾರಾಮೀಟರ್‌ಗೆ "ಊರು" ಎಂದಷ್ಟೇ ಹೆಸರಿಟ್ಟರೆ ಏಜೆಂಟ್ ಊಹಿಸಿ ಕೊಡುತ್ತದೆ. "ಊರಿನ ಹೆಸರಿನ ಜೊತೆ ಜಿಲ್ಲೆಯನ್ನೂ ಕೊಡಿ, ಉದಾಹರಣೆಗೆ ಗೂಡಲೂರು, ನೀಲಗಿರಿ" ಎಂದು ಬರೆಯಿರಿ. ಊರುಗಳು ಕೆಲವೇ ಇದ್ದರೆ ಪಟ್ಟಿಯನ್ನೇ ಕೊಟ್ಟು, ಅದರಿಂದಲೇ ಆರಿಸಲು ಹೇಳಿ.

ದಾರಿಯದೂ ಇದೇ ಕಥೆ. ತೆಪ್ಪಕಾಡಿನಲ್ಲಿ ಊಟಿಯ ದಾರಿ ಎರಡಾಗುತ್ತದೆ. ಒಂದು ಗೂಡಲೂರಿನ ಮೇಲೆ, ಇನ್ನೊಂದು ಮಸಿನಗುಡಿ ಮತ್ತು ಕಲ್ಲಟ್ಟಿ ಘಾಟಿಯ 36 ಕಡಿದಾದ ತಿರುವುಗಳ ಮೇಲೆ. ಯಾವ ದಾರಿ ಎಂದು ಕೇಳುವ ಪ್ಯಾರಾಮೀಟರ್ ಇಲ್ಲದಿದ್ದರೆ ಹತ್ತಿರದ್ದೇ ಒಳ್ಳೆಯದು ಎಂದುಕೊಂಡು ಟೂಲ್ ಕಲ್ಲಟ್ಟಿಯನ್ನೇ ತೋರಿಸಬಹುದು.

05-07 ಎಂದರೆ ಜುಲೈ 5 ಹೌದು, ಮೇ 7 ಕೂಡ ಹೌದು. ಆದ್ದರಿಂದ ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ಮಾದರಿಯ ಸಮೇತ ಬರೆಯಿರಿ. "ನಾಡಿದ್ದು" ಎಂದು ಕೇಳಿದರೆ ಅದನ್ನು ದಿನಾಂಕಕ್ಕೆ ಬದಲಿಸಿ ಕೊಡಬೇಕೆಂದೂ, ಹೊತ್ತನ್ನು 24 ಗಂಟೆಯ ಲೆಕ್ಕದಲ್ಲಿ ಕೊಡಬೇಕೆಂದೂ ತಿಳಿಸಿ.

3. ಖಾಲಿ ಉತ್ತರದ ಅರ್ಥ

2024ರ ಮೇ 7ರಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ನೀಲಗಿರಿಗೆ ಹೊರಗಿನಿಂದ ಬರುವ ವಾಹನಗಳಿಗೆ ಇ-ಪಾಸ್ ಬಂತು. ಇಲ್ಲಿನ ಟಿಎನ್ 43 ನೋಂದಣಿಯ ವಾಹನಗಳಿಗೆ ಅದು ಬೇಕಿಲ್ಲ. ಈಗ ವಾಹನದ ಸಂಖ್ಯೆ ಕೊಟ್ಟರೆ ಪಾಸ್ ಇದೆಯೇ ಎಂದು ನೋಡುವ ಟೂಲ್ ಒಂದನ್ನು ಊಹಿಸಿ. ಅದು ಖಾಲಿ ಉತ್ತರ ಕೊಟ್ಟರೆ ಏನರ್ಥ? ಪಾಸ್ ಬೇಕಿಲ್ಲವೆಂದೋ, ಇನ್ನೂ ತೆಗೆದುಕೊಂಡಿಲ್ಲವೆಂದೋ, ಸರ್ವರ್ ನಿಂತಿದೆಯೆಂದೋ? ಮೂರಕ್ಕೂ ಮೂರು ಬೇರೆ ಉತ್ತರ ಇರಬೇಕು. ಆಗ ಏಜೆಂಟ್ ಏನು ಮಾಡಬೇಕೆಂಬುದೂ ವಿವರಣೆಯಲ್ಲಿರಬೇಕು: "ಸರ್ವರ್ ಉತ್ತರಿಸದಿದ್ದರೆ ಪಾಸ್ ಬೇಡ ಎಂದು ಹೇಳಬೇಡಿ. ಗೊತ್ತಾಗಲಿಲ್ಲ ಎಂದು ತಿಳಿಸಿ."

4. ಬದಲಾಗುವ ನಿಯಮವನ್ನು ವಿವರಣೆಯಲ್ಲಿ ಇಡಬೇಡಿ

2025ರ ಏಪ್ರಿಲ್‌ನಿಂದ ಜೂನ್‌ವರೆಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಇತ್ತು. ಇಂಥ ಅಂಕಿಯನ್ನು ವಿವರಣೆಯಲ್ಲಿ ಬರೆದಿಟ್ಟರೆ ಮುಂದಿನ ವರ್ಷ ಏಜೆಂಟ್ ಹಳೆಯದನ್ನೇ ಗಟ್ಟಿಯಾಗಿ ಹೇಳುತ್ತದೆ. ಅಂಕಿ ಟೂಲ್‌ನ ಉತ್ತರದಲ್ಲಿ ಬರಲಿ, ಅದನ್ನು ಯಾವ ದಿನ ಪರಿಶೀಲಿಸಿದ್ದು ಎಂಬುದೂ ಜೊತೆಗಿರಲಿ.

5. ನೋಡುವುದು ಬೇರೆ, ಮಾಡುವುದು ಬೇರೆ

ಪಾಸ್ ಇದೆಯೇ ಎಂದು ನೋಡುವುದರಿಂದ ಏನೂ ಕೆಡುವುದಿಲ್ಲ. ಪಾಸ್‌ಗೆ ಅರ್ಜಿ ಹಾಕುವುದು, ಟಿಕೆಟ್ ರದ್ದು ಮಾಡುವುದು ಹಾಗಲ್ಲ. ಇವೆರಡನ್ನೂ ಒಂದೇ ಟೂಲ್‌ನಲ್ಲಿ ಸೇರಿಸಬೇಡಿ. ಎರಡನೆಯ ಬಗೆಗೆ "ವಾಹನದ ಸಂಖ್ಯೆ, ದಿನಾಂಕಗಳನ್ನು ಓದಿ ಹೇಳಿ, ಬಳಕೆದಾರರು ಒಪ್ಪಿದ ಮೇಲೆಯೇ ಕರೆಯಿರಿ" ಎಂದು ಬರೆಯಿರಿ. ಹಣ ಹೋಗುವ ಕಡೆ ವಿವರಣೆಯನ್ನಷ್ಟೇ ನಂಬದೆ ಪ್ರೋಗ್ರಾಂನಲ್ಲೂ ಒಪ್ಪಿಗೆಯ ತಡೆ ಇಡಿ.

ಕೊನೆಗೆ ಪರೀಕ್ಷೆ

ಬರೆದ ವಿವರಣೆಯನ್ನು ಈ ಕಡೆಯ ದಾರಿ ನೋಡದ ಸ್ನೇಹಿತರೊಬ್ಬರಿಗೆ ತೋರಿಸಿ. ಅದನ್ನಷ್ಟೇ ಓದಿ ಅವರು ಸರಿಯಾದ ಟೂಲ್ ಆರಿಸಬಲ್ಲರೇ? ಆಮೇಲೆ ಜನ ನಿಜವಾಗಿ ಕೇಳುವ ಇಪ್ಪತ್ತು ಪ್ರಶ್ನೆಗಳನ್ನು ಏಜೆಂಟ್‌ಗೆ ಕೊಟ್ಟು ನೋಡಿ. ಕನ್ನಡದಲ್ಲೂ ಕೇಳಿ, ಕನ್ನಡ ತಮಿಳು ಇಂಗ್ಲಿಷ್ ಬೆರೆತ ನಮ್ಮ ಮಾತಿನಲ್ಲೂ ಕೇಳಿ. ತಪ್ಪಾದ ಕಡೆ ವಿವರಣೆಯನ್ನು ತಿದ್ದಿ, ಮತ್ತೆ ಇಪ್ಪತ್ತನ್ನೂ ಕೇಳಿ.

ಗಡಿಯಲ್ಲಿ ಬದುಕುವ ನಮಗೆ ಎರಡು ರಾಜ್ಯಗಳ ನಿಯಮ, ಮೂರು ಭಾಷೆಗಳ ಊರ ಹೆಸರು ಎಲ್ಲವೂ ಬಾಯಿಪಾಠ. ಅದಕ್ಕೇ ಅವನ್ನು ಬರೆಯಲು ಮರೆಯುತ್ತೇವೆ. ಏಜೆಂಟ್‌ಗೆ ಟೂಲ್ ಮಾಡುವ ನಮ್ಮ ಮಕ್ಕಳ ಪಕ್ಕದಲ್ಲಿ ದಾರಿ ಬಲ್ಲ ಹಿರಿಯರೊಬ್ಬರು ಅರ್ಧ ಗಂಟೆ ಕುಳಿತರೆ, ಎಷ್ಟೋ ಮನೆಯವರು ರಾತ್ರಿ ಗೇಟಿನ ಮುಂದೆ ಕಾಯುವುದು ತಪ್ಪುತ್ತದೆ.