ಸಂಬಳ ಮೊದಲು, ಕಾಲುವೆ ಆಮೇಲೆ

2023ರ ಫೆಬ್ರುವರಿ 1ರಂದು ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಸರಿಯಾಗಿ ಒಂದು ತಿಂಗಳಿಗೆ, ಮಾರ್ಚ್ 1ರಂದು, ರಾಜ್ಯದ ಸರ್ಕಾರಿ ನೌಕರರು ವೇತನ ಪರಿಷ್ಕರಣೆ ಮತ್ತು ಹಳೆಯ ಪಿಂಚಣಿಗಾಗಿ ಅನಿರ್ದಿಷ್ಟ ಮುಷ್ಕರ ಹೂಡಿದರು. ಅಂದೇ ಸರ್ಕಾರ ಮೂಲ ವೇತನದ ಶೇ 17ರಷ್ಟು ಮಧ್ಯಂತರ ಪರಿಹಾರ ಪ್ರಕಟಿಸಿತು, ಮುಷ್ಕರವೂ ಅಂದೇ ಮುಗಿಯಿತು. ಭದ್ರಾ ಮೇಲ್ದಂಡೆಯ ಹಣ ಮಾತ್ರ ಎರಡು ವರ್ಷ ಕಳೆದರೂ ರಾಜ್ಯದ ಕೈ ಸೇರಲಿಲ್ಲ.

ಒಂದು ಕೇಂದ್ರ ಕೊಡಬೇಕಾದದ್ದು, ಇನ್ನೊಂದು ರಾಜ್ಯ ಕೊಟ್ಟದ್ದು. ಎರಡನ್ನೂ ನೇರವಾಗಿ ತಳುಕು ಹಾಕುವಂತಿಲ್ಲ. ಆದರೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ರೈತರು ಕೇಳುವ ಪ್ರಶ್ನೆಯೊಂದು ಇದರಲ್ಲಿದೆ: ಬೊಕ್ಕಸದ ಮೊದಲ ಪಾಲು ಯಾರಿಗೆ?

ಸಂಬಳ, ಪಿಂಚಣಿ, ಸಾಲದ ಬಡ್ಡಿ ಈ ಮೂರನ್ನೂ ಸರ್ಕಾರ ತಪ್ಪಿಸುವಂತಿಲ್ಲ. ಹಣಕಾಸು ಪರಿಭಾಷೆಯಲ್ಲಿ ಇವು ಬದ್ಧ ವೆಚ್ಚ. ಕಾಲುವೆ, ರಸ್ತೆ, ಶಾಲಾ ಕಟ್ಟಡಗಳನ್ನು ಮುಂದಿನ ವರ್ಷಕ್ಕೆ ತಳ್ಳಬಹುದು. ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಇವಕ್ಕೇ. ತಳ್ಳಿದಷ್ಟೂ ಕೆಲಸ ದುಬಾರಿಯಾಗುತ್ತದೆ. 2015ರಲ್ಲಿ 12,340 ಕೋಟಿ ರೂಪಾಯಿ ಇದ್ದ ಭದ್ರಾ ಮೇಲ್ದಂಡೆಯ ಅಂದಾಜು, 2020ರ ಪರಿಷ್ಕರಣೆಯಲ್ಲಿ 21,473 ಕೋಟಿಗೆ ಏರಿತು.

ಸರ್ಕಾರಿ ವೆಚ್ಚಕ್ಕೆ ಮಿತಿ ಬೇಕೆನ್ನುವ ಬಲಪಂಥೀಯ ಚಿಂತಕರ ವಾದ ಇಲ್ಲಿಂದಲೇ ಹೊರಡುತ್ತದೆ. ಖಾಸಗಿ ಕಾರ್ಖಾನೆಯಲ್ಲಿ ಕಾರ್ಮಿಕ ಸಂಘ ಚೌಕಾಸಿ ಮಾಡುವುದು ಮಾಲೀಕನ ಲಾಭದ ಮೇಲೆ. ಅತಿಯಾದರೆ ಕಾರ್ಖಾನೆಯೇ ಮುಚ್ಚೀತೆಂಬ ಭಯ ಇಬ್ಬರಿಗೂ ಉಂಟು. ಸರ್ಕಾರಿ ನೌಕರರ ಸಂಘದ ಎದುರು ಕೂರುವ ಮಂತ್ರಿ ಕೊಡುವುದು ತನ್ನ ಹಣವನ್ನಲ್ಲ, ತೆರಿಗೆದಾರನ ಹಣವನ್ನು. ಆ ತೆರಿಗೆದಾರ ಮಾತುಕತೆಯ ಮೇಜಿನ ಬಳಿ ಇರುವುದೇ ಇಲ್ಲ. ಕಾರ್ಮಿಕರ ಮಿತ್ರನೆನಿಸಿದ್ದ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕೂಡ, ಖಾಸಗಿ ರಂಗದ ಚೌಕಾಸಿಯ ಪದ್ಧತಿಯನ್ನು ಸರ್ಕಾರಿ ಸೇವೆಗೆ ಹಾಗೇ ತರಲಾಗದೆಂದು 1937ರಲ್ಲಿ ಪತ್ರ ಬರೆದಿದ್ದರು. ತಮಿಳುನಾಡು ನೌಕರರ ಪ್ರಕರಣದಲ್ಲಿ 2003ರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಿಲ್ಲ ಎಂದಿತು.

ಇದಕ್ಕೆ ಹತ್ತಿರದ ದನಿಯೊಂದು ಚಿತ್ರದುರ್ಗದ ನೆಲದಿಂದಲೇ ಎದ್ದಿತ್ತು. ಇಲ್ಲಿ ವಕೀಲಿ ಮಾಡಿ, 1962ರ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಸೋತು, ಅದೇ ವರ್ಷ ಮತ್ತೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪ ಮುಂದೆ ಕಾಂಗ್ರೆಸ್ ಅಧ್ಯಕ್ಷರೂ ಆದರು. 1969ರ ಫರೀದಾಬಾದ್ ಅಧಿವೇಶನದಲ್ಲಿ ಅವರು ಸಾರ್ವಜನಿಕ ಉದ್ಯಮಗಳ ಅದಕ್ಷತೆಯನ್ನು ಟೀಕಿಸಿದಾಗ ಇಂದಿರಾ ಗಾಂಧಿ ಒಪ್ಪಲಿಲ್ಲ. ಅದೇ ವರ್ಷ ಪಕ್ಷ ಒಡೆಯಿತು. ಹಾಗೆಂದು ನಿಜಲಿಂಗಪ್ಪ ಸರ್ಕಾರಿ ಬಂಡವಾಳದ ವಿರೋಧಿಯಲ್ಲ. ಶರಾವತಿ ಜಲವಿದ್ಯುತ್ ಯೋಜನೆ ಉದ್ಘಾಟನೆಯಾದದ್ದು ಅವರ ಆಡಳಿತದಲ್ಲೇ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಕಾನೂನಾಗಿಸಿದ ಮೊದಲ ರಾಜ್ಯ ಕರ್ನಾಟಕ. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಆಶಯ ಇಷ್ಟೇ: ದಿನನಿತ್ಯದ ಖರ್ಚಿಗೆ ಸಾಲ ಮಾಡಬಾರದು. ಆದರೆ 2025–26ರ ಬಜೆಟ್ 19,262 ಕೋಟಿ ರೂಪಾಯಿ ರಾಜಸ್ವ ಕೊರತೆಯನ್ನು ಅಂದಾಜಿಸಿತು. ಪಡೆಯಲು ಯೋಜಿಸಿದ ಸಾಲ 1.16 ಲಕ್ಷ ಕೋಟಿ. ಅದಕ್ಕೂ ಮುಂಚೆ, 2024ರ ಆಗಸ್ಟ್‌ನಿಂದ, ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾಗಿತ್ತು. ಅದರ ವಾರ್ಷಿಕ ಹೆಚ್ಚುವರಿ ಹೊರೆ 20,208 ಕೋಟಿ.

ಪಿಂಚಣಿಯ ಕಥೆ ಇನ್ನೂ ಉದ್ದ. 2006ರ ಏಪ್ರಿಲ್ 1ರ ನಂತರ ರಾಜ್ಯ ಸೇವೆಗೆ ಸೇರಿದವರು ಹೊಸ ಯೋಜನೆಗೆ ಒಳಪಟ್ಟರು. ನೌಕರ ಶೇ 10, ಸರ್ಕಾರ ಶೇ 14 ವಂತಿಗೆ ಕಟ್ಟುತ್ತವೆ. ಕೊನೆಯಲ್ಲಿ ಕೈಗೆ ಬರುವುದು ಮಾರುಕಟ್ಟೆ ನಿರ್ಧರಿಸಿದಷ್ಟು. ಹಳೆಯ ಪದ್ಧತಿಯಲ್ಲಾದರೆ ಪೂರ್ಣ ಸೇವೆ ಸಲ್ಲಿಸಿದವರಿಗೆ ಕೊನೆಯ ವೇತನದ ಅರ್ಧ ಖಚಿತ. ರಾಜ್ಯಗಳು ಹಳೆಯದಕ್ಕೆ ಮರಳಿದರೆ ಹೊರೆ ಕೊನೆಗೆ ನಾಲ್ಕೂವರೆ ಪಟ್ಟಿನವರೆಗೂ ಏರಬಹುದೆಂದು 2023ರಲ್ಲಿ ರಿಸರ್ವ್ ಬ್ಯಾಂಕಿನ ಮಾಸಪತ್ರಿಕೆಯ ಲೇಖನವೊಂದು ಲೆಕ್ಕ ಹಾಕಿತು. ಆ ಬಿಲ್ಲು ಬರುವುದು ಇಂದಿನ ಸರ್ಕಾರಕ್ಕಲ್ಲ, ಇಂದಿನ ಮಕ್ಕಳು ತೆರಿಗೆ ಕಟ್ಟುವ ಕಾಲಕ್ಕೆ.

ನೌಕರರ ವಾದವನ್ನೂ ತಳ್ಳಿಹಾಕುವಂತಿಲ್ಲ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ ಇದ್ದು, ಇಬ್ಬರ ಕೆಲಸ ಒಬ್ಬರ ಹೆಗಲೇರಿದೆ. 2025–26ರಲ್ಲಿ ಗ್ಯಾರಂಟಿ ಯೋಜನೆಗಳಿಗೇ 51,034 ಕೋಟಿ ಇಟ್ಟ ಸರ್ಕಾರ ಕೊರತೆಗೆ ತಮ್ಮನ್ನಷ್ಟೇ ದೂರುವುದು ಸರಿಯೇ ಎಂದು ಅವರು ಕೇಳುತ್ತಾರೆ. ಮಳೆ ಕೈಕೊಟ್ಟ ವರ್ಷದಲ್ಲಿ ಹೊಳಲ್ಕೆರೆ, ಹೊಸದುರ್ಗದಂಥ ಊರುಗಳ ಪೇಟೆಗೆ ನೌಕರರ ಸಂಬಳವೇ ಆಸರೆ ಎಂಬುದೂ ನಿಜ.

ಹಾಗಾದರೆ ತಕರಾರು ಇರುವುದು ಸಂಬಳ ಕೊಡುವುದರ ಬಗ್ಗೆಯಲ್ಲ, ಯಾರ ಮಾತು ಮೊದಲು ಕೇಳಿಸುತ್ತದೆ ಎಂಬುದರ ಬಗ್ಗೆ. ನೌಕರರು ಒಂದು ದಿನ ಕೈಕಟ್ಟಿ ಕುಳಿತರೆ ಆಡಳಿತ ನಿಲ್ಲುತ್ತದೆ. ರೈತ ವರ್ಷವೆಲ್ಲ ಧರಣಿ ಕುಳಿತರೂ ವಿಧಾನಸೌಧದ ಒಂದು ಕಡತವೂ ನಿಲ್ಲುವುದಿಲ್ಲ. 1907ರಲ್ಲಿ ಪೂರ್ಣಗೊಂಡ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ತಾಳ್ಮೆ ಕಲಿತ ಸೀಮೆ ಇದು. ಆದರೆ ಆ ತಾಳ್ಮೆಯನ್ನು ಯಾವ ಬಜೆಟ್ಟೂ ಖರ್ಚಿನ ಬಾಬ್ತಿನಲ್ಲಿ ತೋರಿಸುವುದಿಲ್ಲ.